ಸಂದೇಶ ಇರಲಿ, ಎದುರಾಳಿಗೂ ಒಂದು ಒಳ್ಳೆ ಡೈಲಾಗ್ ಕೊಡಿ

ದೇವರು, ಮನೆತನ, ಊರು, ಹಿರಿಯರು ಎನ್ನುವ ನಮ್ಮಂಥ ಪ್ರೇಕ್ಷಕರಿಗೆ ಸಿನಿಮಾದಲ್ಲಿ ರಾಜಕೀಯ ಕಂಡರೆ ಆಗುವುದಿಲ್ಲ ಎಂದು ಬಹಳ ಜನ ತೀರ್ಮಾನಿಸಿಬಿಟ್ಟಿದ್ದಾರೆ. ತಪ್ಪು. ‘ಬಂಗಾರದ ಮನುಷ್ಯ’ (1972) ಅಪ್ಪಟ ರಾಜಕೀಯ ಸಿನಿಮಾ. ಪೇಟೆಯ ನೌಕರಿಗಿಂತ ಹಳ್ಳಿಯ ಹೊಲ ಮೇಲು, ಸರ್ಕಾರಕ್ಕೆ ಕಾಯದೆ ಕೈಯಾರೆ ದುಡಿ, ಕೂಡುಕುಟುಂಬದ ಹೊಣೆ ಹೊರು ಎಂದು ಮುಲಾಜಿಲ್ಲದೆ ಹೇಳುತ್ತದೆ. ಅದನ್ನು ಯಾರೂ ಪ್ರಚಾರಚಿತ್ರ ಅನ್ನಲಿಲ್ಲ. ಯಾಕೆಂದರೆ ಹೇಳಿದ ಮಾತಿಗೆ ನಾಯಕ ಬೆಲೆ ತೆರುತ್ತಾನೆ. ಕಲ್ಲುಭೂಮಿಯನ್ನು ಹಸನು ಮಾಡಿದ ರಾಜೀವನನ್ನು ಅವನೇ ಬೆಳೆಸಿದ ಅಕ್ಕನ ಮಗ ಅನುಮಾನಿಸುತ್ತಾನೆ, ರಾಜೀವ ಮನೆ ಬಿಟ್ಟು ಹೊರಡುತ್ತಾನೆ. ಕೂಡುಕುಟುಂಬವನ್ನು ಎತ್ತಿಹಿಡಿಯುವ ಸಿನಿಮಾವೇ ಅದರೊಳಗಿನ ಕೃತಘ್ನತೆಯನ್ನೂ ತೋರಿಸಿತು. ಸಂದೇಶ ನಂಬಿಕೆಗೆ ಅರ್ಹವಾಗಿದ್ದು ಅಲ್ಲಿ.

ಈಗಿನವು ಎಲ್ಲಿ ಕೆಡುತ್ತವೆ? ಮೊದಲನೆಯದು ಪಾತ್ರದ ವೇಷ. ನಾಮ, ರುದ್ರಾಕ್ಷಿ, ಜನಿವಾರ ಕಂಡರೆ ಸಾಕು, ಆ ಮನುಷ್ಯ ಬಡ್ಡಿ ವ್ಯಾಪಾರಿಯೋ ಕಳ್ಳಸ್ವಾಮಿಯೋ ಎಂದು ಎರಡನೇ ದೃಶ್ಯಕ್ಕೇ ಗೊತ್ತಾಗುತ್ತದೆ. ನಮ್ಮ ಕಡೆಯವರು ಮೆಚ್ಚುವ ಸಿನಿಮಾಗಳಲ್ಲಿ ಅದೇ ಕೆಲಸವನ್ನು ಕಣ್ಣಿನ ಸುರ್ಮಾ ಮತ್ತು ಹೆಗಲ ಜೋಳಿಗೆ ಮಾಡುತ್ತವೆ. ಬರಹಗಾರನ ಸೋಮಾರಿತನ ಎರಡೂ ಕಡೆ ಒಂದೇ.

ಎರಡನೆಯದು ಕ್ಲೈಮ್ಯಾಕ್ಸಿನ ಭಾಷಣ. ಕೋರ್ಟೋ ಪ್ರೆಸ್‌ಮೀಟೋ ಕಾಲೇಜು ವೇದಿಕೆಯೋ ಇರುತ್ತದೆ. ಹೀರೋ ಮೂರು ನಾಲ್ಕು ನಿಮಿಷ ನಿಲ್ಲದೆ ಮಾತಾಡುತ್ತಾನೆ. ಎದುರಿನ ವಕೀಲ ಒಂದು ಬಾರಿಯೂ ‘ಅಬ್ಜೆಕ್ಷನ್’ ಅನ್ನುವುದಿಲ್ಲ, ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಇಂಥ ದೃಶ್ಯ ಓಟಿಟಿಗೆ ಬಂದಾಗ ಕ್ಯಾಮೆರಾ ಏನು ಮಾಡುತ್ತಿದೆ ಅಂತ ಗಮನಿಸಿ. ಪ್ರಶ್ನೆ ಕೇಳುವವನು ದೂರದ ಶಾಟ್‌ನಲ್ಲಿ, ಉತ್ತರಿಸುವವನು ಕೆಳಗಿನಿಂದ ತೆಗೆದ ಕ್ಲೋಸಪ್‌ನಲ್ಲಿ. ಪ್ರಶ್ನೆ ಬಂದಾಗ ಹಿನ್ನೆಲೆ ಸಂಗೀತ ನಿಂತಿರುತ್ತದೆ, ಉತ್ತರ ಶುರುವಾದೊಡನೆ ಪಿಟೀಲು ಏಳುತ್ತದೆ. ಮಾತನ್ನಷ್ಟೇ ಬರೆದುಕೊಂಡು ಓದಿದರೆ ಬಹಳ ಸಲ ಅಲ್ಲಿ ವಾದವೇ ಇರುವುದಿಲ್ಲ, ಬರೀ ಏರುದನಿ.

ಇನ್ನೊಂದು ಸುಳಿವು ಡಬ್ಬಿಂಗ್. ಮಾತಾಡುವವನ ಬೆನ್ನು ಕ್ಯಾಮೆರಾ ಕಡೆ ಇದ್ದಾಗ, ಅಥವಾ ಜನಜಂಗುಳಿಯ ದೂರದ ಶಾಟ್‌ನಲ್ಲಿ, ಇದ್ದಕ್ಕಿದ್ದಂತೆ ಒಂದು ಘೋಷಣೆಯಂಥ ವಾಕ್ಯ ಕೇಳಿಸಿದರೆ ಅದು ಶೂಟಿಂಗ್ ಮುಗಿದ ಮೇಲೆ ಸೇರಿಸಿದ್ದಿರಬಹುದು. ತುಟಿ ಕಾಣದ ಕಡೆ ಏನು ಬೇಕಾದರೂ ತುರುಕಬಹುದಲ್ಲ. ಶುರುವಿನಲ್ಲಿ ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಎಂಬ ಕಾರ್ಡ್, ಪೋಸ್ಟರಿನಲ್ಲಿ ‘ನೈಜ ಘಟನೆ ಆಧಾರಿತ’, ಕೊನೆಯಲ್ಲಿ ಕಪ್ಪು ಪರದೆ ಮೇಲೆ ಒಂದು ದೊಡ್ಡ ಅಂಕಿ. ಆ ಅಂಕಿಗೆ ವರ್ಷ, ಸ್ಥಳ, ಮೂಲ ಮೂರೂ ಇಲ್ಲದಿದ್ದರೆ ವಾಟ್ಸಾಪಿಗೆ ಹಾಕಬೇಡಿ. ಅದು ನಮ್ಮ ಪರವಾಗಿದ್ದರಂತೂ ಹಾಕಲೇಬೇಡಿ, ಸುಳ್ಳೆಂದು ತೇಲಿದ ದಿನ ನಿಜವಾದ ನೋವಿಗೂ ಬೆಲೆ ಇರುವುದಿಲ್ಲ.

ನಮ್ಮವರಿಗೆ ಹಿಡಿಸದ ಮಾತೊಂದು ಹೇಳುತ್ತೇನೆ. ‘ಸಂಸ್ಕಾರ’ (1970) ಸಂಪ್ರದಾಯಸ್ಥರು ಅಗತ್ಯವಾಗಿ ನೋಡಬೇಕಾದ ಸಿನಿಮಾ. ಮದ್ರಾಸಿನ ಸೆನ್ಸಾರ್ ಅದನ್ನು ತಡೆದಿತ್ತು, ಆಮೇಲೆ ಕೇಂದ್ರದಿಂದ ಬಿಡುಗಡೆ ಸಿಕ್ಕಿತು, ರಾಷ್ಟ್ರೀಯ ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಬಂತು. ಅದರ ನಿಲುವು ನನ್ನದಲ್ಲ. ಆದರೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರನ್ನು ಅದು ಗೇಲಿ ಮಾಡುವುದಿಲ್ಲ. ಕುಡಿದು, ಮಾಂಸ ತಿಂದು, ಬೇಕೆಂದೇ ಅಗ್ರಹಾರವನ್ನು ಕೆಣಕಿದ ನಾರಣಪ್ಪ ಸತ್ತಿದ್ದಾನೆ. ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ, ಅಂದಮೇಲೆ ಅವನು ಬ್ರಾಹ್ಮಣನಾಗಿಯೇ ಸತ್ತ. ಹಾಗಾದರೆ ಸಂಸ್ಕಾರ ಮಾಡುವವರು ಯಾರು? ಪ್ರಶ್ನೆ ಶಾಸ್ತ್ರದ ಒಳಗಿನದೇ. ಆಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿಯ ಗುಡಿಯಲ್ಲಿ ಅಪ್ಪಣೆಗೆ ಕಾಯುತ್ತಾರೆ, ಉತ್ತರ ಬರುವುದಿಲ್ಲ. ಅವರಿಗೆ ವಿದ್ಯೆ ಇದೆ, ಕರುಣೆ ಇದೆ, ಪ್ರಾಮಾಣಿಕತೆ ಇದೆ. ಹೀಗೆ ಎದುರು ಪಕ್ಷದ ಅತ್ಯುತ್ತಮ ಮನುಷ್ಯನನ್ನು ತಂದು ನಿಲ್ಲಿಸಿ ಪರೀಕ್ಷಿಸಿದ್ದರಿಂದ ಆ ಸಿನಿಮಾದ ಏಟು ಬಲವಾಗಿ ಬೀಳುತ್ತದೆ, ಮತ್ತು ನಾವು ಉತ್ತರ ಯೋಚಿಸಬೇಕಾಗುತ್ತದೆ. ಇಂದಿನ ಪ್ರಗತಿಪರ ನಿರ್ದೇಶಕರಲ್ಲಿ ಎಷ್ಟು ಜನ ಒಬ್ಬ ಆಚಾರ್ಯರನ್ನು ಅಷ್ಟು ಗೌರವದಿಂದ ಬರೆಯಬಲ್ಲರು? ನಮ್ಮ ಕಡೆಯವರಲ್ಲಿ ಎಷ್ಟು ಜನ ಒಬ್ಬ ನಾರಣಪ್ಪನನ್ನು?

‘ಕಾಂತಾರ’ (2022) ಹತ್ತಿರ ಬಂತು. ಅರಣ್ಯಾಧಿಕಾರಿಯನ್ನು ಮೊದಲು ಶತ್ರುವಿನಂತೆ ತೋರಿಸಿ, ಅವನ ಕಾನೂನಿಗೂ ಒಂದು ಕಾರಣ ಇದೆ ಎಂದು ಬಿಟ್ಟುಕೊಟ್ಟು, ಕೊನೆಗೆ ಊರಿನ ಪಕ್ಕ ನಿಲ್ಲಿಸಿತು. ದೈವದ ನಂಬಿಕೆಯನ್ನು ವಿವರಿಸುವ ಗೋಜಿಗೂ ಹೋಗಲಿಲ್ಲ. ಆ ಅಕ್ಟೋಬರ್‌ನಲ್ಲೇ ರಾಜ್ಯ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಭಾಷಣ ಮಾಡಿದ ಎಷ್ಟು ಸಿನಿಮಾಗಳಿಂದ ಇಂಥದ್ದು ಆಗಿದೆ?

ಇನ್ನು ‘ತೆರಿಗೆ ವಿನಾಯಿತಿ ಕೊಡಿ’ ಎಂಬ ಕೂಗು. 2022ರ ಮಾರ್ಚ್‌ನಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ಗೆ ಕರ್ನಾಟಕದಲ್ಲೂ ಅದನ್ನು ಘೋಷಿಸಿದರು. ಲೆಕ್ಕ ಹಾಕಿ. 100 ರೂಪಾಯಿ ಮೀರಿದ ಟಿಕೆಟ್‌ಗೆ ಜಿಎಸ್‌ಟಿ ಶೇ. 18. ರಾಜ್ಯ ಬಿಡಬಹುದಾದದ್ದು ತನ್ನ ಪಾಲಿನ ಶೇ. 9 ಮಾತ್ರ. ಮೂಲ ದರ 200 ಇದ್ದರೆ ತೆರಿಗೆ ಸೇರಿ 236, ವಿನಾಯಿತಿ ಸಿಕ್ಕರೆ 218. ಉಳಿತಾಯ 18 ರೂಪಾಯಿ, ಪಾಪ್‌ಕಾರ್ನ್ ಕೌಂಟರಿನಲ್ಲಿ ಅದಕ್ಕೆ ಏನೂ ಬರುವುದಿಲ್ಲ. ಬದಲಿಗೆ ಸಿನಿಮಾದ ಹಣೆಗೆ ಸರ್ಕಾರದ ಮೊಹರು ಬೀಳುತ್ತದೆ. ನಾಳೆ ಇನ್ನೊಂದು ಪಕ್ಷ ತನಗೆ ಬೇಕಾದ ಸಿನಿಮಾಕ್ಕೆ ಅದೇ ಮೊಹರು ಒತ್ತಿದಾಗ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತದೆ. ಯಾರ ಸಿನಿಮಾಕ್ಕೂ ಬೇಡ.

ನಿಷೇಧವಂತೂ ಬೇಡವೇ ಬೇಡ. ಬ್ಯಾನ್ ಮಾಡಿ ಎಂದು ಪೋಸ್ಟ್ ಹಾಕುವ ಸ್ನೇಹಿತರು 1989ರ ರಂಗರಾಜನ್ ಪ್ರಕರಣ ಓದಲಿ. ಜಾತಿ ಆಧಾರಿತ ಮೀಸಲಾತಿಯನ್ನು ಟೀಕಿಸಿದ ತಮಿಳು ಚಿತ್ರವೊಂದರ ಕೇಸು ಅದು. ಎಲ್ಲರೂ ನೋಡಬಹುದೆಂದು ಆ ಚಿತ್ರಕ್ಕೆ ಕೊಟ್ಟಿದ್ದ ‘ಯು’ ಪ್ರಮಾಣಪತ್ರವನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ತಿರುಗಿ ಕೊಟ್ಟಿತು. ಗಲಾಟೆ ಆಗುತ್ತದೆ ಎಂಬ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಶಾಂತಿ ಕಾಯುವುದು ಸರ್ಕಾರದ ಕೆಲಸ ಎಂಬುದು ತೀರ್ಪಿನ ಸಾರ. ಎಡಪಂಥೀಯರಿಗೆ ಒಗ್ಗದ ಸಿನಿಮಾವನ್ನು ಉಳಿಸಿದ ತತ್ವ ಇದು. ಇದನ್ನೇ ಮುರಿಯಿರಿ ಎಂದು ನಾವು ಕೇಳುವುದು ಕೂತ ಕೊಂಬೆಗೇ ಕೊಡಲಿ ಹಾಕಿದ ಹಾಗೆ.

ಮಕ್ಕಳ ವಿಷಯ ಬೇರೆ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯ ಮೇಲೆ ‘ಯುಎ’ ಪ್ರಮಾಣಪತ್ರದ ಒಳಗೇ 7+, 13+, 16+ ಎಂಬ ವಿಂಗಡಣೆ ಬಂದಿದೆ. ಇದು ಅಪ್ಪ ಅಮ್ಮಂದಿರಿಗೆ ಕೊಟ್ಟ ಸೂಚನೆ, ಥಿಯೇಟರಿನವರು ಗೇಟಿನಲ್ಲಿ ತಡೆಯುವುದಿಲ್ಲ. ಟಿಕೆಟ್ ಬುಕ್ ಮಾಡುವಾಗ ಆ ಅಂಕಿ ನೋಡುವುದು ನಮ್ಮ ಹೊಣೆ.

ಒಗ್ಗದ ಸಿನಿಮಾಕ್ಕೆ ಏನು ಮಾಡಬೇಕು ಅಂದರೆ, ಬಾಯ್ಕಾಟ್ ಹ್ಯಾಷ್‌ಟ್ಯಾಗ್ ಬಿಡಿ. ಅದು ಪುಕ್ಕಟೆ ಪ್ರಚಾರ. ಮಲ್ಟಿಪ್ಲೆಕ್ಸ್ ಹಂಚಿಕೆಯಲ್ಲಿ ಮೊದಲ ವಾರದ ಗಳಿಕೆಯ ಸುಮಾರು ಅರ್ಧ ವಿತರಕರ ಕಡೆ ಹೋಗುತ್ತದೆ, ಆಮೇಲಿನ ವಾರಗಳಲ್ಲಿ ಆ ಪಾಲು ಇಳಿಯುತ್ತದೆ. ಶುಕ್ರವಾರ ಸುಮ್ಮನಿರಿ. ನಂಬುವಂಥವರು ನಾಲ್ಕು ಜನ ನೋಡಿ ಬಂದ ಮೇಲೆ ಅವರನ್ನು ಕೇಳಿ: ಎದುರು ಪಕ್ಷದವನಿಗೆ ಆ ಸಿನಿಮಾದಲ್ಲಿ ಒಂದಾದರೂ ಸರಿಯಾದ ಡೈಲಾಗ್ ಇತ್ತಾ? ಇತ್ತು ಅಂದರೆ ಎರಡನೇ ವಾರ ಹೋಗಿ, ಸಂದೇಶ ನಿಮ್ಮದಲ್ಲದಿದ್ದರೂ.