ಹಾರುವ ಓತಿಗೆ ವಿಷ ಇಲ್ಲ, ಹೊಡೆಯಬೇಡಿ

"ಶಿರಸಿ ಪೇಟೆಗೆ ಹಾರುವ ವಿಷದ ಹಲ್ಲಿ ಬಂದಿದೆ. ಮೈಮೇಲೆ ಹಾರಿ ಕಚ್ಚುತ್ತದೆ, ಕತ್ತಿನಲ್ಲಿ ಹಳದಿ ವಿಷದ ಚೀಲ ಇದೆ, ಕಂಡರೆ ಹೊಡೆದುಹಾಕಿ." ಹೀಗೊಂದು ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಪೂರ್ತಿ ತಪ್ಪು.

ವಿಡಿಯೋದಲ್ಲಿರುವುದು ಹಾರುವ ಓತಿ. ಎಲ್ಲಿಂದಲೋ ಬಂದ ಪ್ರಾಣಿ ಅಲ್ಲ. ಪಶ್ಚಿಮ ಘಟ್ಟದ ಕಾಡಲ್ಲಿ, ಅಡಿಕೆ ತೋಟಗಳಲ್ಲಿ ಮೊದಲಿನಿಂದಲೂ ಇದೆ. ವಿಜ್ಞಾನಿಗಳು ಇದನ್ನು ಹೆಸರಿಟ್ಟು ದಾಖಲಿಸಿದ್ದೇ 1837ರಲ್ಲಿ. ಶಿರಸಿಯಲ್ಲಿ ಪೇಟೆ ಮುಗಿಯುವಲ್ಲೇ ತೋಟ ಶುರುವಾಗುತ್ತದೆ, ಹಾಗಾಗಿ ವಾಕಿಂಗ್ ಹೋದವರಿಗೂ ಕಾಣಬಹುದು.

ಇದಕ್ಕೆ ವಿಷ ಇಲ್ಲವೇ ಇಲ್ಲ. ಇದರ ಮುಖ್ಯ ಊಟ ಇರುವೆ. ಆ ಹಳದಿ ಚೀಲ ಗಂಡಿನ ಗಂಟಲಿನ ಚರ್ಮ ಅಷ್ಟೇ. ಹೆಣ್ಣನ್ನು ಸೆಳೆಯಲು, ಬೇರೆ ಗಂಡುಗಳನ್ನು ದೂರ ಇಡಲು ಅದನ್ನು ಪಟಪಟ ಬಿಚ್ಚಿ ಮಡಚುತ್ತದೆ. ನಿಜ ಹೇಳಬೇಕೆಂದರೆ ಇದು ಹಕ್ಕಿಯ ಹಾಗೆ ಹಾರುವುದೂ ಇಲ್ಲ. ಉದ್ದನೆಯ ಪಕ್ಕೆಲುಬುಗಳ ಮೇಲಿನ ತೆಳು ಚರ್ಮವನ್ನು ಕೊಡೆಯಂತೆ ಬಿಚ್ಚಿ, ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿ ಹೋಗುತ್ತದೆ. ಅದರ ಗುರಿ ಮರ, ಮನುಷ್ಯ ಅಲ್ಲ.

ಹೆಣ್ಣು ನೆಲಕ್ಕೆ ಇಳಿಯುವುದು ಮಣ್ಣಿನಲ್ಲಿ ಮೊಟ್ಟೆ ಇಡಲು. ಆಗ ಅದು ಸುಲಭವಾಗಿ ಸಿಕ್ಕಿಬೀಳುತ್ತದೆ. ಇಂಥ ಸುಳ್ಳು ಸುದ್ದಿ ನಂಬಿ ಆ ಹೊತ್ತಲ್ಲಿ ಕೋಲು ಎತ್ತಿದರೆ ಮೊಟ್ಟೆಯೂ ಹೋಯಿತು, ತಾಯಿಯೂ ಹೋಯಿತು ಅಲ್ವಾ?

ನೋಡಬೇಕಿದ್ದರೆ ಬಿಸಿಲು ಬಿದ್ದ ಮೇಲೆ ಅಡಿಕೆ ಮರದ ಕಾಂಡ ಗಮನಿಸಿ. ಬಣ್ಣ ತೊಗಟೆಯದ್ದೇ, ಅಲುಗಾಡಿದರೆ ಮಾತ್ರ ಗೊತ್ತಾಗುತ್ತದೆ. ಹಿಡಿಯಲು ಹೋಗಬೇಡಿ. ಆ ವಿಡಿಯೋ ಬಂದ ಗುಂಪಿಗೆ ಈ ಮಾತನ್ನೂ ಕಳಿಸಿ.