ನಾಲ್ಕನೆಯ ಕಂಪ್ಯೂಟರಿನ ಹಾಡು

2007ರ ಮಾತು. ದಾವಣಗೆರೆಯಲ್ಲಿ ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲೊಂದು ಸೈಬರ್ ಸೆಂಟರ್ ಇತ್ತು. ಗಂಟೆಗೆ 15 ರೂಪಾಯಿ. ಅಲ್ಲಿದ್ದ ಆರು ಕಂಪ್ಯೂಟರುಗಳಲ್ಲಿಯೂ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಆಟವಿತ್ತು. ಎಲ್ಲವೂ ಕಳ್ಳ ಪ್ರತಿಗಳೇ. ಡಿಸ್ಕಿನಲ್ಲಿ ಜಾಗ ಉಳಿಯಲೆಂದು ಯಾರೋ ಪುಣ್ಯಾತ್ಮರು ಒಳಗಿನ ಹಾಡುಗಳನ್ನೆಲ್ಲ ಕಿತ್ತು ಹಾಕಿದ್ದರಿಂದ, ಆಟದ ಕಾರಿನಲ್ಲಿ ಕುಳಿತರೆ ಎಂಜಿನ್ನಿನ ಗುರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ನಾಲ್ಕನೆಯ ಕಂಪ್ಯೂಟರಿನಲ್ಲಿ ಮಾತ್ರ ರೇಡಿಯೋ ಬರುತ್ತಿತ್ತು. ಅದು ಖಾಲಿಯಾಗುವುದನ್ನೇ ಕಾಯುತ್ತ ನಾನೂ ನನ್ನ ಗೆಳೆಯನೂ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿರುತ್ತಿದ್ದೆವು. ಇದ್ದದ್ದು ಒಂದೇ ಹೆಡ್‌ಫೋನು, ಆಳಿಗೊಂದು ಕಿವಿ.

ಆ ರೇಡಿಯೋದಲ್ಲಿ ಒಂದು ಹಾಡು ಬರುತ್ತಿತ್ತು. ಆರ್ಗನ್ನಿನ ನಿಧಾನದ ಎಳೆ, ಅದರ ಮೇಲೆ ಯಾವ ಅವಸರವೂ ಇಲ್ಲದ ಗಂಡು ದನಿ. ಅರ್ಧ ಇಂಗ್ಲಿಷ್, ಇನ್ನರ್ಧ ನಮಗೆ ಗೊತ್ತಿಲ್ಲದ ಯಾವುದೋ ಭಾಷೆ. ಒಂದು ಅಕ್ಷರವೂ ಅರ್ಥವಾಗದಿದ್ದರೂ ಆ ಹಾಡು ಬಂದಾಗ ಗುಂಡಿನ ಕಾಳಗ ನಿಲ್ಲಿಸಿ, ಸಮುದ್ರದ ದಂಡೆಯಲ್ಲಿ ಸುಮ್ಮನೆ ಕಾರು ಓಡಿಸುತ್ತಿದ್ದೆವು. ಗಂಟೆಗೆ 15 ರೂಪಾಯಿ ಕೊಟ್ಟು ಹೀಗೆ ಸುಮ್ಮನೆ ಸುತ್ತುವುದು ಆಗಿನ ನಮ್ಮ ಲೆಕ್ಕದಲ್ಲಿ ದೊಡ್ಡ ದುಂದು.

ಆ ಹಾಡಿನ ಹೆಸರು ‘ಲಾ ರಾಸಾ’, ಹಾಡಿದವನು ಕಿಡ್ ಫ್ರಾಸ್ಟ್, ಬಂದದ್ದು 1990ರಲ್ಲಿ ಎಂದು ತಿಳಿಯುವ ಹೊತ್ತಿಗೆ ಹತ್ತು ವರ್ಷವಾಗಿತ್ತು. ಜೊತೆಗೆ ಇನ್ನೊಂದು ಸಂಗತಿಯೂ ತಿಳಿಯಿತು. ಅದೇ ಆಟದಲ್ಲಿ ಟಿ-ಬೋನ್ ಮೆಂಡೆಜ್ ಎಂಬ ಗ್ಯಾಂಗಿನ ನಾಯಕನಿದ್ದಾನೆ. ಅವನಿಗೆ ದನಿ ಕೊಟ್ಟವನೂ ಇದೇ ಫ್ರಾಸ್ಟ್. ಆಟದ ನಡುವೆ ಹಡಗುಕಟ್ಟೆಯೊಂದರ ಮೇಲೆ ಈ ಟಿ-ಬೋನ್ ಸಾಯುತ್ತಾನೆ. ಅಂದರೆ ಕಿವಿ ಹಂಚಿಕೊಂಡು ಯಾರ ಹಾಡು ಕೇಳುತ್ತಿದ್ದೆವೋ ಅವನನ್ನೇ ಎಷ್ಟೋ ಸಂಜೆ ಮುಗಿಸಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಿದ್ದೆವು.

ಫ್ರಾಸ್ಟನ ಹುಟ್ಟುಹೆಸರು ಆರ್ತುರೋ ಮೊಲಿನಾ ಜೂನಿಯರ್. ಬಾಲ್ಯದ ಒಂದಷ್ಟು ಕಾಲ ಗುವಾಮ್ ಮತ್ತು ಜರ್ಮನಿಯ ಅಮೆರಿಕನ್ ಸೇನಾ ನೆಲೆಗಳಲ್ಲಿ ಕಳೆದರೂ ಅವನ ಊರು ಎಂದರೆ ಪೂರ್ವ ಲಾಸ್ ಏಂಜಲೀಸ್, ಮೆಕ್ಸಿಕನ್ ಮೂಲದವರ ಕೇರಿ. 1980ರ ದಶಕದ ಮೊದಲ ವರ್ಷಗಳಲ್ಲಿ ಆ ನಗರದ ರ‍್ಯಾಪ್ ಎಂದರೆ ಕುಣಿಯುವ ಸಂಗೀತ. ‘ಅಂಕಲ್ ಜಾಮ್ಸ್ ಆರ್ಮಿ’ ಎಂಬ ಡಿಜೆಗಳ ತಂಡ ನಡೆಸುತ್ತಿದ್ದ ಕೂಟಗಳ ಸುತ್ತ ಬೆಳೆದ ಹುಡುಗರಲ್ಲಿ ಇವನೂ ಒಬ್ಬ. ಐಸ್-ಟಿ ಎಂಬ ಇನ್ನೊಬ್ಬ ರ‍್ಯಾಪ್ ಹಾಡುಗಾರನೊಂದಿಗೆ ಪೈಪೋಟಿಗೆ ನಿಂತು ಪದ ಕಟ್ಟುತ್ತಿದ್ದ. ಅವನು ಮಂಜುಗಡ್ಡೆಯಾದರೆ ನಾನು ಹೆಪ್ಪುಗಟ್ಟಿದ ಇಬ್ಬನಿ ಎಂಬಂತೆ ಹೆಸರಿಟ್ಟುಕೊಂಡ. 1984ರಲ್ಲಿ ‘ರಫ್ ಕಟ್’ ಎಂಬ ಹಾಡು ತಂದ. ಹುಡುಕಿ ಕೇಳಿದೆ. ಕೆಟ್ಟದ್ದೇನಲ್ಲ. ಆದರೆ ಆ ಕಾಲದಲ್ಲಿ ಯಾರು ಹಾಡಿದ್ದರೂ ಹಾಗೆಯೇ ಇರುತ್ತಿತ್ತು.

‘ಲಾ ರಾಸಾ’ ಹಾಗಲ್ಲ. ನಿಘಂಟು ತೆಗೆದರೆ ‘ರಾಸಾ’ ಪದಕ್ಕೆ ಜನಾಂಗ, ಕುಲ ಎಂಬ ಅರ್ಥ ಸಿಗುತ್ತದೆ. ನನಗೇಕೋ ಅದು ಸರಿಹೋಗುವುದಿಲ್ಲ. ಮುಂಬಯಿಯ ರೈಲಿನಲ್ಲಿ ಎದುರಿನವರು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ‘ಅಯ್ಯೋ, ನಮ್ಮವರು!’ ಎನ್ನುತ್ತೇವಲ್ಲ, ಆ ‘ನಮ್ಮವರು’ ಈ ಪದಕ್ಕೆ ಹೆಚ್ಚು ಹತ್ತಿರ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೋ ಕ್ಯಾಲಿಫೋರ್ನಿಯಾವನ್ನು ಬಿಟ್ಟುಕೊಟ್ಟಾಗ ಅಲ್ಲಿಯೇ ಬದುಕಿದ್ದ ಕುಟುಂಬಗಳಿದ್ದವು. ನಾವು ಗಡಿ ದಾಟಿ ಬಂದವರಲ್ಲ, ಗಡಿಯೇ ನಮ್ಮನ್ನು ದಾಟಿಕೊಂಡು ಹೋಯಿತು ಎಂದು ಆ ಜನ ಇಂದಿಗೂ ಹೇಳುತ್ತಾರೆ.

ಹಾಡಿನೊಳಗೇ ಅವನು ತಾನು ಆಡುತ್ತಿರುವ ನುಡಿಯ ಹೆಸರು ‘ಕಾಲೋ’ ಎಂದು ಸಾರುತ್ತಾನೆ. ಅದು ಶಾಲೆಯಲ್ಲಿ ಕಲಿಸುವ ಸ್ಪ್ಯಾನಿಷ್ ಅಲ್ಲ. ಪಚೂಕೋ ಎನಿಸಿಕೊಂಡ ಬೀದಿಯ ಹುಡುಗರು 1930–40ರ ದಶಕಗಳಲ್ಲಿ ಬೆಳೆಸಿದ ಗುಟ್ಟಿನ ಮಾತು. ಇವರು ದೊಗಳೆ ಪ್ಯಾಂಟು, ಮೊಣಕಾಲಿನವರೆಗೆ ಇಳಿಯುವ ಕೋಟು ತೊಡುತ್ತಿದ್ದರು. 1943ರಲ್ಲಿ ಲಾಸ್ ಏಂಜಲೀಸಿನ ಬೀದಿಗಳಲ್ಲಿ ನೌಕಾಪಡೆಯ ಹುಡುಗರು ಇಂಥವರನ್ನು ಹಿಡಿದು ಬಡಿದು, ಮೈಮೇಲಿನ ಬಟ್ಟೆ ಹರಿದು ಹಾಕಿದ್ದರು. ಅಂಥ ನುಡಿಯನ್ನು ಫ್ರಾಸ್ಟ್ ದೊಡ್ಡ ಕಂಪನಿಯ ರೆಕಾರ್ಡಿಗೆ ತಂದ, ಅದೂ ಅರ್ಥ ವಿವರಿಸದೆ. ತಿಳಿದವರು ತಿಳಿದುಕೊಳ್ಳಲಿ, ತಿಳಿಯದವರು ದೂರ ನಿಂತು ಕೇಳಲಿ ಎಂಬ ಠೇಂಕಾರ ಅದು. ದಾವಣಗೆರೆಯಲ್ಲಿ ಒಂದೇ ಕಿವಿಯಿಂದ ಕೇಳಿದ ನಮಗೆ ಆ ಠೇಂಕಾರವೊಂದು ಅನುವಾದವಿಲ್ಲದೆಯೇ ತಲುಪಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಆರ್ಗನ್ನಿನ ಎಳೆ. ಅದು ಫ್ರಾಸ್ಟನದಲ್ಲ. 1970ರಲ್ಲಿ ಪೂರ್ವ ಲಾಸ್ ಏಂಜಲೀಸಿನ ‘ಎಲ್ ಚಿಕಾನೋ’ ತಂಡ ನುಡಿಸಿದ ‘ವಿವಾ ತಿರಾದೋ’ ಎಂಬ ವಾದ್ಯಸಂಗೀತದಿಂದ ಎತ್ತಿದ್ದು. ಅದೇ ವರ್ಷ ಆಗಸ್ಟ್ 29ರಂದು ಅದೇ ಬಡಾವಣೆಯಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೋಗಳ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ಭಾರಿ ಮೆರವಣಿಗೆ ನಡೆಯಿತು. ಅಂದು ಪತ್ರಕರ್ತ ರೂಬೆನ್ ಸಲಸಾರ್, ಶೆರಿಫ್ ಪಡೆಯವನೊಬ್ಬ ಹಾರಿಸಿದ ಅಶ್ರುವಾಯು ಸಿಡಿತಲೆಯ ಏಟಿಗೆ ಬಾರಿನಲ್ಲಿ ಕುಳಿತಲ್ಲಿಯೇ ಸತ್ತರು. ಆ ವರ್ಷವನ್ನು ಕಂಡ ಜನರಿಗೆ ಈ ರಾಗ ಬರಿಯ ರಾಗವಾಗಿ ಉಳಿದಿರಲಾರದು.

ಆದರೆ ‘ಎಲ್ ಚಿಕಾನೋ’ ತಂಡದವರೂ ಅದನ್ನು ಕಟ್ಟಿದವರಲ್ಲ! ಕಟ್ಟಿದವರು ಜೆರಾಲ್ಡ್ ವಿಲ್ಸನ್. ಮಿಸಿಸಿಪ್ಪಿಯಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ನೆಲೆಸಿದ ಕಪ್ಪು ಜಾಝ್ ಸಂಗೀತಗಾರ. ಪತ್ನಿ ಮೆಕ್ಸಿಕನ್ ಮೂಲದವರು; ವಿಲ್ಸನ್ನರಿಗೆ ಗೂಳಿ ಕಾಳಗದ ಗೀಳು. ಮೆಕ್ಸಿಕೋದ ಗೂಳಿಕಾಳಗದ ವೀರ ಹೋಸೆ ರಾಮೋನ್ ತಿರಾದೋನ ಹೆಸರಿನಲ್ಲಿ 1962ರಲ್ಲಿ ತಮ್ಮ ವಾದ್ಯವೃಂದಕ್ಕಾಗಿ ಇದನ್ನು ಮುದ್ರಿಸಿದರು. ಕಪ್ಪು ಮನುಷ್ಯನೊಬ್ಬ ಮೆಕ್ಸಿಕನ್ನನ ಮೇಲಿನ ಮೆಚ್ಚುಗೆಯಿಂದ ಕಟ್ಟಿದ ರಾಗ. ಎಂಟು ವರ್ಷದ ನಂತರ ಅದನ್ನು ಚಿಕಾನೋ ಹುಡುಗರು ಎತ್ತಿಕೊಂಡರು. ಮತ್ತೆ ಇಪ್ಪತ್ತು ವರ್ಷದ ನಂತರ ಇನ್ನೊಬ್ಬ ಚಿಕಾನೋ ಹುಡುಗ ಅದರ ಮೇಲೆ ಕಪ್ಪು ಜನ ಹುಟ್ಟಿಸಿದ ರ‍್ಯಾಪ್ ಹಾಡಿದ. ‘ನಮ್ಮವರು’ ಎಂದು ಎದೆ ತಟ್ಟಿಕೊಳ್ಳುವ ಹಾಡಿನ ಅಡಿಪಾಯವೇ ಪಕ್ಕದ ಕೇರಿಯಿಂದ ಬಂದದ್ದು. ಈ ಹಾಡಿನ ಬಗ್ಗೆ ನನಗಿರುವ ಪ್ರೀತಿಯಲ್ಲಿ ಮುಕ್ಕಾಲು ಪಾಲು ಈ ಕಾರಣಕ್ಕೇ.

ಅದಕ್ಕೆಂದೇ ಫ್ರಾಸ್ಟನನ್ನು ‘ಚಿಕಾನೋ ರ‍್ಯಾಪಿನ ಪಿತಾಮಹ’ ಎಂದು ಕರೆಯುವವರನ್ನು ಕಂಡರೆ ನನಗೆ ಕಸಿವಿಸಿ. (ಪಿತಾಮಹ ಎಂಬ ಬಿರುದು ನಮ್ಮಲ್ಲಿಯೂ ಅಗ್ಗವೇ. ಯಾರಾದರೂ ಒಂದು ಕೆಲಸವನ್ನು ಎರಡು ವರ್ಷ ಮೊದಲು ಮಾಡಿದರೆ ಮುಗಿಯಿತು.) ವಂಶವೃಕ್ಷ ಬರೆದರೆ ಅವನು ಬರುವುದು ಮೊಮ್ಮಗನ ಜಾಗದಲ್ಲಿ. ಮೊಮ್ಮಗ ಎಂದರೆ ಕಡಿಮೆಯಾಯಿತೇ? ಅಜ್ಜನ ಕೋಟು ತೊಟ್ಟು ಬೀದಿಗಿಳಿಯುವುದಕ್ಕೂ ಎದೆ ಬೇಕು, ಮೈಗೆ ಅಳತೆಯೂ ಸರಿಹೋಗಬೇಕು.

ಹಾಡಿನಲ್ಲಿ ಎಲ್ಲವೂ ಹಿಡಿಸುತ್ತದೆ ಎಂದಲ್ಲ. ಪಿಸ್ತೂಲು, ಗಂಡಸುತನ, ಎದುರು ನಿಂತವನ ಮೂದಲಿಕೆ: ಅರ್ಥ ತಿಳಿದ ಮೇಲೆ ಕೆಲವು ಸಾಲುಗಳು ಕಿರಿಕಿರಿ ಮಾಡಿದವು. ಅವನ ‘ನಮ್ಮವರು’ ಎಂಬುದರೊಳಗೆ ಹೆಂಗಸರಿಗೆ ಎಷ್ಟು ಜಾಗವಿದೆ ಎಂದು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಹಾಡು 42ನೆಯ ಸ್ಥಾನದವರೆಗೆ ಹೋಗಿ ನಿಂತಿತು. ಅದಕ್ಕಿಂತ ದೊಡ್ಡ ಯಶಸ್ಸು ಅವನಿಗೆ ಮತ್ತೆ ಸಿಗಲಿಲ್ಲ. 1991ರಲ್ಲಿ ‘ಲ್ಯಾಟಿನ್ ಅಲಯನ್ಸ್’ ಎಂಬ ಕೂಟದೊಂದಿಗೆ ಒಂದು ಆಲ್ಬಂ ತಂದ, 1992ರಲ್ಲಿ ‘ಈಸ್ಟ್ ಸೈಡ್ ಸ್ಟೋರಿ’ ತಂದ, 1995ರ ಹೊತ್ತಿಗೆ ಹೆಸರಿನ ಮುಂದಿನ ‘ಕಿಡ್’ ಕಳಚಿ ಬರಿಯ ಫ್ರಾಸ್ಟ್ ಆದ. ಅಷ್ಟರಲ್ಲಿ ಪಕ್ಕದ ಸೌತ್ ಗೇಟಿನ ‘ಸೈಪ್ರಸ್ ಹಿಲ್’ ಎಂಬ ರ‍್ಯಾಪ್ ತಂಡ ಎಲ್ಲರ ಬಾಯಲ್ಲಿತ್ತು. ತೆರೆದ ಬಾಗಿಲಿನಿಂದ ಬೇರೆಯವರು ಒಳಗೆ ಹೋದರು, ತೆರೆದವನು ಹೊಸ್ತಿಲ ಬಳಿಯೇ ಉಳಿದ.

ಅವನ ಮಗನ ಕಥೆ ಅನೇಕರಿಗೆ ಗೊತ್ತಿಲ್ಲ. ಸ್ಕೂಪ್ ಡೆವಿಲ್ ಎಂಬ ಹೆಸರಿನಲ್ಲಿ ಸಂಗೀತ ಕಟ್ಟುವ ಅವನು ರ‍್ಯಾಪ್ ಹಾಡುಗಾರ ಸ್ನೂಪ್ ಡಾಗ್‌ನ ‘ಐ ವಾನಾ ರಾಕ್’ ಮಾಡಿದವನು. 2012ರಲ್ಲಿ ಕೆಂಡ್ರಿಕ್ ಲಮಾರ್‌ನ ‘ಪೊಯೆಟಿಕ್ ಜಸ್ಟಿಸ್’ ಮಾಡಿದವನು. ಆ ಹಾಡನ್ನು ಕೇಳಿದ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಅದರ ಹಿಂದೆ ಫ್ರಾಸ್ಟನ ಮಗನಿದ್ದಾನೆ ಎಂದು ತಿಳಿದಿತ್ತೋ. ಇಲ್ಲಿ ರಾಗದ ದಿಕ್ಕು ತಿರುಗಿದೆ ನೋಡಿ: ಈ ಸಲ ಚಿಕಾನೋ ಹುಡುಗ ಕಟ್ಟಿದ ಸಂಗೀತದ ಮೇಲೆ ಕಪ್ಪು ಹುಡುಗನ ದನಿ.

ಕಳೆದ ವಾರ ವಿಲ್ಸನ್ನರ ಮೂಲ ‘ವಿವಾ ತಿರಾದೋ’ವನ್ನು ಆ ಹಳೆಯ ಗೆಳೆಯನಿಗೆ ವಾಟ್ಸ್ಆ್ಯಪಿನಲ್ಲಿ ಕಳುಹಿಸಿದೆ. ಹೆಸರು ಬರೆಯಲಿಲ್ಲ. ಅವನು ಈಗ ಹುಬ್ಬಳ್ಳಿಯಲ್ಲಿ ಟೈರು ವ್ಯಾಪಾರಿ. ಜಾಝ್ ಎಂದರೇನು ಎಂದು ಕೇಳಿದರೆ ನಗುತ್ತಾನೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: ‘ಲೇ, ಇದು ನಾಲ್ಕನೇ ಕಂಪ್ಯೂಟರಿನ ಹಾಡಲ್ಲವೇನೋ? ಹಾಡುವವನು ಎಲ್ಲಿ ಹೋದ?’