ಬೂಷ್ಟು ಬಿಡಿಸಿದ ಚಿತ್ರ

ಒಣಗಿದ ಸೋರೆ ಬುರುಡೆಯ ಮೇಲೆ ಕಾದ ತುದಿಯಿಂದ ಚಿತ್ರ ಸುಡುವ ಹುಚ್ಚು ಹತ್ತಿಸಿಕೊಂಡವರು ಕೊಡಗಿನಲ್ಲಿ ಮೊದಲು ಜಗಳಕ್ಕೆ ಬೀಳುವುದು ಮಳೆಯ ಜೊತೆ. ಬಯಲುಸೀಮೆಯಲ್ಲಾದರೆ ಕಾಯಿ ಬಳ್ಳಿಯಲ್ಲೇ ಬಲಿತು ಒಣಗುತ್ತದೆ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸೋರೆಕಾಯಿ! ಒಲೆಯ ಮೇಲಿನ ಅಟ್ಟವೇ ಗತಿ. ಸಿಪ್ಪೆ ದಪ್ಪಗಿದ್ದರೆ ಆರು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಕಾಯಿಗೆ ಬೂಷ್ಟು ಬರುತ್ತದೆ. ಮೊದಲು ಬಿಳಿ, ಆಮೇಲೆ ಬೂದು, ಆಮೇಲೆ ಕಪ್ಪು. ಗೊತ್ತಿಲ್ಲದವರು ಕೊಳೆಯಿತು ಅಂತ ತಿಪ್ಪೆಗೆ ಎಸೆಯುತ್ತಾರೆ. ಎಸೆಯಬಾರದು. ಕೈಯಲ್ಲಿ ಒತ್ತಿ ನೋಡಿ. ಮೆತ್ತಗಾಗಿದ್ದರೆ ಮಾತ್ರ ಕೆಟ್ಟಿದೆ ಅಂತ ಅರ್ಥ. ಗಟ್ಟಿ ಇದ್ದರೆ ಅದರ ಪಾಡಿಗೆ ಬಿಡಿ. ಪೂರ್ತಿ ಒಣಗಿದ ಮೇಲೆ ನೀರಲ್ಲಿ ನೆನೆಸಿ ಉಕ್ಕಿನ ನಾರಿನಿಂದ ಉಜ್ಜಿದರೆ ಮೇಲಿನ ತೆಳು ಪೊರೆ ಬೂಷ್ಟಿನ ಸಮೇತ ಎದ್ದು ಬರುತ್ತದೆ. ಒಣಗಿದ್ದನ್ನೇ ಉಜ್ಜಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಉಜ್ಜಿ ಮುಗಿಸಿದಾಗ ಬುರುಡೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಬೂಷ್ಟು ಹೋದರೂ ಅದರ ಗುರುತು ಹೋಗಿರುವುದಿಲ್ಲ. ಕಂದು ಮಚ್ಚೆ, ಅದರ ಸುತ್ತ ಕಪ್ಪು ಗೆರೆ, ಗೆರೆಯ ಪಕ್ಕದಲ್ಲೊಂದು ಮಸುಕು ನೆರಳು. ಒಂದರ ಹಾಗೆ ಇನ್ನೊಂದಿಲ್ಲ. ಇಷ್ಟು ಚೆನ್ನಾಗಿ ನನ್ನ ಕೈಯಿಂದಂತೂ ಬಿಡಿಸಲಾಗದು. ಹಾಗಾಗಿ ಬುರುಡೆಯ ಮೈತುಂಬ ಹೂಬಳ್ಳಿ ಸುಟ್ಟು ತುಂಬಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಮಳೆಗಾಲ ಪೂರ್ತಿ ಕೂತು ಬರೆದದ್ದನ್ನು ಅಳಿಸಿದ ಹಾಗಲ್ವಾ?

ನಾನು ಸುಡುವುದು ಕಡಿಮೆ. ಮಚ್ಚೆಯ ಅಂಚು ಹಿಡಿದು ಒಂದು ಗೆರೆ, ಎಲ್ಲಾದರೂ ಒಂದು ಕಾಳುಮೆಣಸಿನ ಗೊಂಚಲು. ಸುಡುವ ಪೆನ್ನಿನ ತುದಿ ಅಂದರೆ ಬಾಗಿಸಿದ ತಂತಿ, ಕರೆಂಟು ಹರಿದಾಗ ಕೆಂಪಗೆ ಕಾಯುತ್ತದೆ. ಒತ್ತುವುದು ಬೇಡ, ನಿಧಾನಕ್ಕೆ ನಮ್ಮ ಕಡೆ ಎಳೆದರೆ ಸಾಕು. ಗೆರೆ ಮೊದಲು ತಿಳಿ ಕಂದು, ಕೈ ನಿಧಾನವಾದಷ್ಟೂ ಕಪ್ಪು. ಅರೆಕ್ಷಣ ನಿಂತರೆ ಅಲ್ಲೊಂದು ಕಪ್ಪು ಬೊಟ್ಟು ಬಿತ್ತೆಂದೇ ಲೆಕ್ಕ. ಬುರುಡೆ ದುಂಡಗಿರುವುದರಿಂದ ಪೆನ್ನು ಓಡಿಸುವುದಕ್ಕಿಂತ ಬುರುಡೆಯನ್ನೇ ತಿರುಗಿಸುವುದು ಸುಲಭ. ಹೊಗೆ ಕಣ್ಣಿಗೆ ಬರುತ್ತದೆ, ಕಿಟಕಿ ತೆರೆದಿಡಬೇಕು. ಕಿಟಕಿ ತೆರೆದರೆ ಇರಚಲು ಒಳಗೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಛತ್ತೀಸಗಡದ ಬಸ್ತರಿನ ಆದಿವಾಸಿಗಳಿಗೆ ಈ ಕರೆಂಟಿನ ರಗಳೆಯೇ ಇಲ್ಲ. ಅವರು ಕಬ್ಬಿಣದ ಚಾಕುವನ್ನು ಬೆಂಕಿಯಲ್ಲಿ ಕಾಯಿಸಿ ತುಂಬಾ ಅನ್ನುವ ಸೋರೆ ಬುರುಡೆಯ ಮೇಲೆ ಚಿತ್ತಾರ ಮೂಡಿಸುತ್ತಾರೆ. ದೂರದ ಪೆರುವಿನಲ್ಲಿ ಉರಿಯುವ ಕೊಳ್ಳಿಯ ತುದಿಯನ್ನು ಊದಿ ಊದಿ ಬುರುಡೆಗೆ ನೆರಳು ಕೊಡುವವರಿದ್ದಾರೆ.

ನಮ್ಮಲ್ಲಿ ಸೋರೆ ಬುರುಡೆ ಅಂದರೆ ಚಿತ್ರಕ್ಕಿಂತ ಸದ್ದು. ಕಿನ್ನರಿ ಜೋಗಿಯ ಕೈಯಲ್ಲಿ ಅದು ತಂತಿಯ ಸ್ವರವನ್ನು ಹಿಗ್ಗಿಸುತ್ತದೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ. ಅವತ್ತು ವೇಷ ಹಾಕಿಕೊಂಡವರು ಬುರುಡೆ, ಡಬ್ಬ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಾ ದೇವರಿಂದ ಹಿಡಿದು ದಾರಿಹೋಕರವರೆಗೆ ಎಲ್ಲರನ್ನೂ ಬಯ್ದು ಕಾಸು ವಸೂಲು ಮಾಡುತ್ತಾರೆ. ಆ ಬುರುಡೆಗೆ ಯಾವ ಹೂಬಳ್ಳಿಯೂ ಬೇಕಿಲ್ಲ.

ಚಿಕ್ಕಮ್ಮನಿಗೆ ಇದ್ಯಾವುದೂ ತಲೆಗೆ ಹೋಗುವುದಿಲ್ಲ.

“ಇದ್ರಲ್ಲಿ ಏನು ತುಂಬಿಸಿಡ್ತೀಯೆ ಮಾರಾಯ್ತಿ?”

“ಏನಿಲ್ಲ ಚಿಕ್ಕಮ್ಮ, ಸುಮ್ನೆ.”

“ಸುಮ್ನೆ ಇಡ್ಲಿಕ್ಕೆ ಇಷ್ಟು ಉಜ್ಜಬೇಕಾ? ಆ ಹಿತ್ತಾಳೆ ಚೆಂಬಾದ್ರೂ ಉಜ್ಜಬಹುದಿತ್ತು.”

ಕೊನೆಗೆ ಜೇನುಮೇಣ ಸವರಿ ಬಟ್ಟೆಯಲ್ಲಿ ತಿಕ್ಕಿದರೆ ಮಚ್ಚೆಗಳು ಇನ್ನೂ ಎದ್ದು ಕಾಣುತ್ತವೆ. ಪ್ರವಾಸಿಗರಿಗೆ ಕಾಫಿಪುಡಿ, ಜೇನು ಮಾರುವ ಅಂಗಡಿಯವರೊಬ್ಬರು ನನ್ನ ಬುರುಡೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. “ಮಚ್ಚೆ ಇದೆಯಲ್ಲ, ಇದಕ್ಕೊಂದು ಬಣ್ಣ ಹೊಡೀರಿ. ಮೇಲೊಂದು ಆನೆ ಬಿಡಿಸಿ, ಹೋಗ್ತದೆ” ಅಂದರು. ತೋಟದಲ್ಲಿ ಆನೆ ಬಂದು ಹಲಸು ತಿಂದು, ಕಾಫಿ ಗಿಡ ಮುರಿದು, ಬೇಲಿ ಕಿತ್ತು ಹೋಗಿದೆ. ಅದನ್ನು ನಾನು ಬುರುಡೆಯ ಮೇಲೂ ಕೂರಿಸಬೇಕಂತೆ. ಬಣ್ಣ ಹೊಡೆಯುವುದಿಲ್ಲ ಅಂತ ಖಡಾಖಂಡಿತ ಹೇಳಿದೆ. ಆನೆ ಬೇಕೇ ಬೇಕು ಅಂದರೆ ಇನ್ನೂರು ರೂಪಾಯಿ ಜಾಸ್ತಿ.